ಜೋಕು ಬಂತು, ಆಮೇಲೆ ಏನಾಯ್ತು ಅನ್ನೋದೂ ಬರಲಿ

ಮಾನ್ಯ ಸಂಪಾದಕರೇ,

ನಾನು ಲ್ಯಾಬ್ ಉಪಕರಣಗಳನ್ನು ರಿಪೇರಿ ಮಾಡುವವನು. ಮೈಕ್ರೋಸ್ಕೋಪು, ಆಸಿಲೋಸ್ಕೋಪು, ಮಿಲಿಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ, ಹೀಗೆ 31 ವರ್ಷದಿಂದ ಇದೇ ಕೆಲಸ. ನಮ್ಮ ವರ್ಕ್‌ಶಾಪಿನಲ್ಲಿ ಬೆಳಿಗ್ಗೆ ಯಾರಾದರೊಬ್ಬರು ಪೇಪರನ್ನು ಜೋರಾಗಿ ಓದುತ್ತಾರೆ. ವಿಜ್ಞಾನದ ಸುದ್ದಿ ಇದ್ದ ದಿನ ಕೆಲಸ ಶುರುವಾಗುವುದು ಸ್ವಲ್ಪ ತಡ. ಎಲ್ಲರಿಗೂ ಒಂದೊಂದು ಅಭಿಪ್ರಾಯ, ಎಲ್ಲರ ಬಾಯಲ್ಲೂ ಒಂದೊಂದು ಜೋಕು. ಆ ಅರ್ಧ ಗಂಟೆ ನನಗೆ ದಿನದಲ್ಲೇ ಇಷ್ಟವಾದ ಹೊತ್ತು.

ಕಳೆದ ವಾರ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಒಂದು ಮಾತು ಹೇಳಿದ. "ವಿಜ್ಞಾನಿಗಳು ಒಂದು ಕೇಬಲ್ ಸಡಿಲ ಬಿಟ್ಟು, ಐನ್‌ಸ್ಟೈನ್ ತಪ್ಪು ಅಂತ ಹೇಳಿಬಿಟ್ಟಿದ್ದರಂತೆ, ಹೌದಾ ಸಾರ್?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಕತೆ ಅದರಲ್ಲಿ ಇರಲಿಲ್ಲ. ಆ ಅರ್ಧ ಅವನವರೆಗೆ ತಲುಪಲಿಲ್ಲವಲ್ಲ, ಅದಕ್ಕೇ ಈ ಪತ್ರ.

ಅದು 2011ರ ಸೆಪ್ಟೆಂಬರ್. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಕಲ್ಲು ಮಣ್ಣನ್ನೂ ತೂರಿ ಹೋಗುವ ನ್ಯೂಟ್ರಿನೋ ಎಂಬ ಕಣಗಳನ್ನು ಇಟಲಿಯ ಗ್ರಾನ್ ಸಾಸೋ ಬೆಟ್ಟದ ಒಳಗಿರುವ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಸುಮಾರು 730 ಕಿಲೋಮೀಟರ್ ದೂರ, ನೆಲದೊಳಗಿನಿಂದಲೇ. ಅಲ್ಲಿ ಕಾಯುತ್ತಿದ್ದ ಒಪೆರಾ ಎಂಬ ತಂಡದ ಲೆಕ್ಕದಲ್ಲಿ ಆ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಬಂದು ಮುಟ್ಟಿದ್ದವು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ 60 ಚೂರು, ಅಷ್ಟೇ. ಆದರೆ ಬೆಳಕಿಗಿಂತ ವೇಗ ಅಂದರೆ ಸುಮ್ನೆ ಮಾತಲ್ಲ, ಐನ್‌ಸ್ಟೈನ್ ಪ್ರಕಾರ ಅದು ಆಗದ ಮಾತು. ಸುದ್ದಿ ಜಗತ್ತೆಲ್ಲ ಓಡಾಡಿತು.

ಅದರ ಹಿಂದೆಯೇ ಜೋಕುಗಳೂ ಬಂದವು. ನನಗೆ ತುಂಬಾ ಹಿಡಿಸಿದ್ದು ಇದು: "ನ್ಯೂಟ್ರಿನೋ." "ಯಾರದು?" ಟಕ್ ಟಕ್. ಮೊದಲು ಉತ್ತರ, ಆಮೇಲೆ ಪ್ರಶ್ನೆ, ಕೊನೆಗೆ ಬಾಗಿಲು ತಟ್ಟಿದ ಸದ್ದು. ಬೆಳಕಿಗಿಂತ ವೇಗವಾಗಿ ಸುದ್ದಿ ಕಳಿಸಲು ಆಗುವುದಾದರೆ ಕಾರಣಕ್ಕಿಂತ ಮೊದಲೇ ಪರಿಣಾಮ ಕಾಣಿಸಿಬಿಡಬಹುದು ಎಂಬ ಮಾತು ಐನ್‌ಸ್ಟೈನರ ರಿಲೇಟಿವಿಟಿ ಸಿದ್ಧಾಂತದಲ್ಲಿ ಇದೆ. ಒಂದು ಪಾಠದಲ್ಲಿ ಹೇಳಬೇಕಾದ್ದನ್ನು ಆ ಜೋಕು ಮೂರೇ ಮಾತಿನಲ್ಲಿ ಹೇಳಿತ್ತು. ಇಂಥ ಜೋಕು ಎಷ್ಟು ಬಂದರೂ ಬರಲಿ.

ಆದರೆ ತಂಡ ನಿಜಕ್ಕೂ ಹೇಳಿದ್ದೇನು? ಐನ್‌ಸ್ಟೈನ್ ತಪ್ಪು ಅಂತ ಅವರು ಹೇಳಲಿಲ್ಲ. ನಾವು ತಿಂಗಳುಗಟ್ಟಲೆ ಹುಡುಕಿದೆವು, ನಮ್ಮ ತಪ್ಪು ನಮಗೆ ಸಿಗುತ್ತಿಲ್ಲ, ನೀವೂ ಪರೀಕ್ಷೆ ಮಾಡಿ ನೋಡಿ ಅಂದರು. ನಮ್ಮ ಕಸುಬಿನಲ್ಲಿ ಇದು ದೊಡ್ಡ ಮಾತು. ಬಿಚ್ಚಿದ ಉಪಕರಣವನ್ನು ಇನ್ನೊಬ್ಬನ ಮುಂದೆ ಇಟ್ಟು "ನನಗೆ ಕಾಣದ್ದು ನಿನಗೆ ಕಾಣುತ್ತಾ ನೋಡು" ಅನ್ನುವವನ ಮೇಲೆ ನನಗೆ ಯಾವತ್ತೂ ಗೌರವ ಜಾಸ್ತಿ.

ಉಳಿದ ವಿಜ್ಞಾನಿಗಳಿಗೆ ಮೊದಲ ದಿನದಿಂದಲೇ ಅನುಮಾನ ಇತ್ತು. ಅದಕ್ಕೊಂದು ಚೆಂದದ ಕಾರಣವೂ ಇತ್ತು. 1987ರ ಫೆಬ್ರವರಿಯಲ್ಲಿ ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಅಲ್ಲಿಂದ ಹೊರಟ ನ್ಯೂಟ್ರಿನೋಗಳು ಬೆಳಕಿಗಿಂತ ಮೂರು ಗಂಟೆಯಷ್ಟು ಮೊದಲು ಭೂಮಿಗೆ ಬಂದಿದ್ದವು. ಅವು ಸಿಡಿಯುವ ನಕ್ಷತ್ರದಿಂದ ಸಲೀಸಾಗಿ ಹೊರಗೆ ಬಂದುಬಿಡುತ್ತವೆ, ಬೆಳಕು ಒಳಗೇ ಸ್ವಲ್ಪ ಹೊತ್ತು ಸಿಕ್ಕಿಕೊಳ್ಳುತ್ತದೆ. ಒಪೆರಾ ಕಂಡ ವೇಗವೇ ನಿಜವಾಗಿದ್ದರೆ, ಅಷ್ಟು ದೂರದ ಓಟದಲ್ಲಿ ನ್ಯೂಟ್ರಿನೋಗಳು ನಾಲ್ಕು ವರ್ಷ ಮೊದಲೇ ಬಂದಿರಬೇಕಿತ್ತು. ಈ ಲೆಕ್ಕವನ್ನು ನಾನೇ ಪೆನ್ಸಿಲ್ ಹಿಡಿದು ಮಾಡಿದೆ. 60 ನ್ಯಾನೋಸೆಕೆಂಡಿನಿಂದ ನಾಲ್ಕು ವರ್ಷ ಹುಟ್ಟಿದ್ದನ್ನು ನೋಡಿ ಮೈ ಜುಮ್ಮೆಂದಿತು.

2012ರ ಫೆಬ್ರವರಿಯಲ್ಲಿ ದೋಷ ಸಿಕ್ಕಿದ ಸುದ್ದಿ ಹೊರಬಂತು. ಜಿಪಿಎಸ್‌ನಿಂದ ಸಮಯ ತರುವ ಫೈಬರ್ ಕೇಬಲ್‌ನ ಕನೆಕ್ಟರ್ ಪೂರ್ತಿ ಕೂತಿರಲಿಲ್ಲ. ಕೇಬಲ್ ಕಳಚಿರಲಿಲ್ಲ, ಸಿಗ್ನಲ್ ನಿಂತಿರಲಿಲ್ಲ, ಯಾವ ಕೆಂಪು ದೀಪವೂ ಹತ್ತಿರಲಿಲ್ಲ. ಬೆಳಕು ಮಾತ್ರ ಕಡಿಮೆ ಬರುತ್ತಿತ್ತು. ಅದನ್ನು ಹಿಡಿಯುವ ಸರ್ಕ್ಯೂಟು "ಬಂತು" ಅನ್ನುವ ಹೊತ್ತಿಗೆ ಹತ್ತಾರು ನ್ಯಾನೋಸೆಕೆಂಡ್ ತಡವಾಗುತ್ತಿತ್ತು. ಗಡಿಯಾರ ಹಿಂದೆ ಬಿದ್ದರೆ ಹೊತ್ತಿಗೆ ಸರಿಯಾಗಿ ಬಂದವನೂ ಬೇಗ ಬಂದ ಹಾಗೆ ಕಾಣಿಸುತ್ತಾನೆ, ಅಲ್ವಾ? ಆದದ್ದು ಅದೇ. ಆಮೇಲೆ ಅದೇ ಬೆಟ್ಟದೊಳಗಿನ ಬೇರೆ ತಂಡಗಳೂ ಅಳೆದವು. ನ್ಯೂಟ್ರಿನೋ ಬೆಳಕಿನ ಮಿತಿ ದಾಟಿರಲಿಲ್ಲ. ಆ ವರ್ಷವೇ ಒಪೆರಾ ತಂಡದ ಇಬ್ಬರು ಮುಖ್ಯಸ್ಥರು ತಮ್ಮ ಜವಾಬ್ದಾರಿಗೆ ರಾಜೀನಾಮೆ ಕೊಟ್ಟರು.

ಇಷ್ಟನ್ನು ನಮ್ಮ ಹುಡುಗನಿಗೆ ಹೇಳಿದೆ. ಅವನು ಸೋಲ್ಡರಿಂಗ್ ಐರನ್ ಕೆಳಗಿಟ್ಟು ಕೇಳಿದ. ಕೊನೆಗೆ ಒಂದೇ ಪ್ರಶ್ನೆ: "ಇದು ಪೇಪರಿನಲ್ಲಿ ಯಾಕೆ ಬರಲಿಲ್ಲ?" ಬಂದಿತ್ತು. ಮೊದಲ ಸುದ್ದಿ ಮುಖಪುಟದಲ್ಲಿ ಬಂತು, ದೋಷ ಸಿಕ್ಕಿದ್ದು ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ. "ಕೇಬಲ್ ಸಡಿಲವಿತ್ತು" ಅನ್ನೋದೊಂದೇ ಆ ನಾಲ್ಕು ಸಾಲಿನಲ್ಲಿ ಹಿಡಿಸಿದ್ದು.

ನನಗೆ ಇದು ಯಾಕೆ ಇಷ್ಟು ತಟ್ಟುತ್ತದೆ ಅಂದರೆ, ನಾನು ಅಂಥ ಹುಡುಕಾಟದಲ್ಲೇ ಬದುಕು ಕಳೆದವನು. ಒಮ್ಮೆ ಒಂದು ಲ್ಯಾಬಿನ ತಕ್ಕಡಿ ಮಧ್ಯಾಹ್ನ ಮೂರರ ಮೇಲೆ ತೂಕ ತಪ್ಪಿಸುತ್ತಿತ್ತು. ಬೆಳಿಗ್ಗೆ ಸರಿ, ಮೂರಾದರೆ ಅಂಕಿ ಮೆಲ್ಲಗೆ ಜಾರುತ್ತಿತ್ತು. ಪವರ್ ಸಪ್ಲೈ ಬದಲಿಸಿದೆ. ಕ್ಯಾಲಿಬ್ರೇಶನ್ ಮಾಡಿದೆ. ವರ್ಕ್‌ಶಾಪಿಗೆ ತಂದು ಇಡೀ ದಿನ ಓಡಿಸಿದೆ, ಕೂದಲೆಳೆಯಷ್ಟೂ ತಪ್ಪಿಲ್ಲ. ವಾಪಸ್ ಇಟ್ಟರೆ ಮತ್ತೆ ಅದೇ ಕತೆ. ಮೂರನೇ ದಿನ ಯಾವ ಸ್ಕ್ರೂಡ್ರೈವರೂ ಹಿಡಿಯದೆ ಅದರ ಎದುರು ಕುರ್ಚಿ ಹಾಕಿಕೊಂಡು ಕೂತೆ. ಮೂರು ಗಂಟೆಗೆ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಬಂದು ತಕ್ಕಡಿಯ ಗಾಜಿನ ಗೂಡಿನ ಮೇಲೆ ಬಿತ್ತು. ಒಳಗಿನ ಗಾಳಿ ಬಿಸಿಯಾಗಿ ಅಲುಗಾಡತೊಡಗಿ ತಟ್ಟೆಯನ್ನು ತಳ್ಳುತ್ತಿತ್ತು. ಮೇಜನ್ನು ಎರಡು ಅಡಿ ಸರಿಸಿದೆವು, ಸರಿಹೋಯಿತು. ಸರಿಮಾಡಲು ಎರಡು ನಿಮಿಷ, ಕಂಡುಹಿಡಿಯಲು ಮೂರು ದಿನ. ಕೇಳಿದವರೆಲ್ಲ ಆ ಎರಡು ನಿಮಿಷವನ್ನೇ ಹೇಳಿಕೊಂಡು ನಕ್ಕರು.

ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದ ಕತೆಗೂ ಹೀಗೇ ಆಯಿತು. 64 ಮೀಟರ್ ಅಗಲದ ತಟ್ಟೆ ಅದು. 1998ರಿಂದ ಅದರ ದಾಖಲೆಗಳಲ್ಲಿ ಆಗಾಗ ಒಂದು ವಿಚಿತ್ರ ಸಿಗ್ನಲ್ ಬರುತ್ತಿತ್ತು. 2015ರಲ್ಲಿ ಮೂಲ ಸಿಕ್ಕಿತು: ಅಲ್ಲಿನ ಮೈಕ್ರೋವೇವ್ ಓವನ್. "ಅನ್ಯಗ್ರಹದವರನ್ನು ಹುಡುಕಿ ಹುಡುಕಿ ಕೊನೆಗೆ ಯಾರದೋ ಊಟದ ಡಬ್ಬಿ ಹಿಡಿದರು" ಎಂದು ನಮ್ಮ ವರ್ಕ್‌ಶಾಪ್ ಕೂಡ ಆ ದಿನ ನಕ್ಕಿತು. ನಾನೂ ನಕ್ಕೆ. ಒಳ್ಳೆಯ ಜೋಕೇ ಅದು.

ಆದರೆ ಹುಡುಕಿದ ರೀತಿ ಕೇಳಿ. ಆ ಸಿಗ್ನಲ್ ಹೆಚ್ಚಾಗಿ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಬರುತ್ತಿತ್ತು. ಆಕಾಶಕ್ಕೆ ರಜಾ ದಿನ ಅಂತ ಇರುವುದಿಲ್ಲ, ಆದ್ದರಿಂದ ಇದು ಮನುಷ್ಯರ ಕೈಯಿಂದಲೇ ಬರುತ್ತಿದೆ ಎಂಬುದು ಖಾತ್ರಿಯಾಯಿತು. ಹೊಸದಾಗಿ ಹಾಕಿದ ಒಂದು ಮಾನಿಟರ್ ಅದೇ ಕ್ಷಣದಲ್ಲಿ 2.4 ಗಿಗಾಹರ್ಟ್ಸ್ ಸುತ್ತಲೂ ಗದ್ದಲ ತೋರಿಸಿತು. ಓವನ್ ಕೆಲಸ ಮಾಡುವುದು ಆ ಫ್ರೀಕ್ವೆನ್ಸಿಯಲ್ಲೇ. ಓವನ್ ಓಡಿಸಿ ನೋಡಿದರು, ಮೊದಲ ಪರೀಕ್ಷೆಯಲ್ಲಿ ಏನೂ ಬರಲಿಲ್ಲ! ಟೈಮರ್ ಮುಗಿಯುವ ಮೊದಲೇ ಬಾಗಿಲು ಎಳೆದು ತೆಗೆದಾಗ ಮಾತ್ರ ಬಂತು. ಓವನ್‌ನಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಭಾಗ ಆರುವ ಗಳಿಗೆಯಲ್ಲಿ ಚೆಲ್ಲುವ ಅಲೆ ತೆರೆದ ಬಾಗಿಲಿನಿಂದ ಹೊರಗೆ ಬರುತ್ತಿತ್ತು, ಅದೂ ದೂರದರ್ಶಕದ ತಟ್ಟೆ ಸರಿಯಾದ ಕೋನಕ್ಕೆ ತಿರುಗಿದ್ದರೆ ಮಾತ್ರ ಸಿಗುತ್ತಿತ್ತು. ಬಳಸುವವರು ಹೇಗೆ ಬಳಸುತ್ತಾರೋ ಹಾಗೇ ಬಳಸಿ ನೋಡು ಅಂತ ನನ್ನ ಗುರುಗಳು ಹೇಳುತ್ತಿದ್ದರು. ಟೈಮರ್ ಮುಗಿಯುವವರೆಗೆ ಕಾಯುವ ತಾಳ್ಮೆ ಯಾರಿಗಿದೆ?

ಇನ್ನೂ ಒಂದು ಮಾತು ಆ ಸುದ್ದಿಯಲ್ಲಿ ಬಿಟ್ಟೇ ಹೋಗಿತ್ತು. ಅದೇ ದೂರದರ್ಶಕದ 2001ರ ದಾಖಲೆಯಲ್ಲಿ ಬಾಹ್ಯಾಕಾಶದ ಕ್ಷಿಪ್ರ ರೇಡಿಯೋ ಸ್ಫೋಟವೊಂದು (ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ರೇಡಿಯೋ ಅಲೆ) 2007ರಲ್ಲಿ ಪತ್ತೆಯಾಗಿತ್ತು. ಅದೂ ಇಂಥದೇ ಭೂಮಿಯ ಗದ್ದಲ ಇರಬಹುದು ಎಂಬ ಅನುಮಾನ ವರ್ಷಗಟ್ಟಲೆ ಕಾಡಿತ್ತು. ಓವನ್ ಸಿಕ್ಕಿದ ಮೇಲೆ ಎರಡನ್ನೂ ಬೇರೆ ಮಾಡಿ ತೋರಿಸಲು ಆಯಿತು. ನಾವು ನಕ್ಕ ಆ ಓವನ್ ಕತೆ, ದೂರದ ನಿಜವಾದ ಸ್ಫೋಟಗಳ ಮೇಲಿದ್ದ ಅನುಮಾನ ಕಳೆಯಿತು.

ಹುಡುಕಿ ಹುಡುಕಿ ದೋಷವೇ ಸಿಗದೆ ಇದ್ದರೆ? 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆನ್ಜಿಯಸ್ ಮತ್ತು ವಿಲ್ಸನ್ ತಮ್ಮ ರೇಡಿಯೋ ಆಂಟೆನಾದ ಗುಂಯ್ ಸದ್ದು ಹೋಗಲಾಡಿಸಲು ಪಾರಿವಾಳ ಓಡಿಸಿದರು, ಹಿಕ್ಕೆ ತೊಳೆದರು, ಜೋಡಣೆಗಳಿಗೆ ಟೇಪ್ ಸುತ್ತಿದರು. ಸದ್ದು ಹೋಗಲಿಲ್ಲ. ಅದು ಬ್ರಹ್ಮಾಂಡದ ಆರಂಭ ಕಾಲದಿಂದ ಉಳಿದ ಬೆಳಕು, ಆಂಟೆನಾಗೆ ರೇಡಿಯೋ ಅಲೆಯಾಗಿ ಸಿಗುತ್ತಿತ್ತು. 1978ರಲ್ಲಿ ಅವರಿಗೆ ನೊಬೆಲ್ ಬಂತು. ಪಾರಿವಾಳದ ಹಿಕ್ಕೆಯ ಜೋಕು ಎಲ್ಲರಿಗೂ ಗೊತ್ತು. ಒಂದೊಂದೇ ಅನುಮಾನ ತೆಗೆದುಹಾಕಿದ ಆ ತಿಂಗಳುಗಳ ಕೆಲಸ ಇಲ್ಲದಿದ್ದರೆ ಅವರ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಈಗಿನ ಸುದ್ದಿಗಳಿಗೂ ಇದು ಬೇಕು. ಎಐ ಯಂತ್ರಕ್ಕೆ ಸ್ಟ್ರಾಬೆರಿ ಎಂಬ ಇಂಗ್ಲಿಷ್ ಪದದಲ್ಲಿ ಎಷ್ಟು ಆರ್ ಇದೆ ಎಂದು ಎಣಿಸಲು ಬರಲಿಲ್ಲ ಅಂತ 2024ರಲ್ಲಿ ಎಷ್ಟು ಜೋಕು ಓಡಾಡಿದವು! ಅಂಥ ಯಂತ್ರ ಪದವನ್ನು ಅಕ್ಷರ ಅಕ್ಷರವಾಗಿ ನೋಡುವುದಿಲ್ಲ, ತುಂಡು ತುಂಡಾಗಿ ನೋಡುತ್ತದೆ, ಎಡವಿದ್ದು ಅಲ್ಲಿ ಅನ್ನೋ ಒಂದು ಸಾಲು ಆ ಸುದ್ದಿಯ ಕೆಳಗೆ ಇದ್ದಿದ್ದರೆ ಓದಿದವರಿಗೆ ಅದು ಎಲ್ಲೆಲ್ಲಿ ಎಡವಬಹುದು ಎಂಬ ಅಂದಾಜೂ ಸಿಗುತ್ತಿತ್ತು.

ಪತ್ರಿಕೆಗಳು ತಪ್ಪು ತಿದ್ದಿಕೊಂಡ ದೊಡ್ಡ ಉದಾಹರಣೆಯೂ ಇದೆ. ರಾಕೆಟ್ ಕೆಲಸ ಮಾಡಲು ಹಿಂದೆ ಒತ್ತಿಕೊಳ್ಳಲು ಗಾಳಿ ಬೇಕು, ಶಾಲೆಯ ಪಾಠವೂ ಗೊತ್ತಿಲ್ಲ ಎಂದು 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಹಂಗಿಸಿತ್ತು. 1969ರ ಜುಲೈ 17ರಂದು, ಅಪೊಲೊ 11 ಚಂದ್ರನ ದಾರಿಯಲ್ಲಿದ್ದಾಗ, ಅದೇ ಪತ್ರಿಕೆ ತಿದ್ದುಪಡಿ ಹಾಕಿತು. ಗೊಡಾರ್ಡ್ 1945ರಲ್ಲೇ ತೀರಿಕೊಂಡಿದ್ದರು. ಆ ಪತ್ರಿಕೆ ತಿದ್ದಿಕೊಂಡದ್ದು ನನಗೆ ಮೆಚ್ಚುಗೆ. 49 ವರ್ಷ ತಡವಾದದ್ದು ನೋವು.

ನನ್ನ ಕೋರಿಕೆ ಇಷ್ಟೇ. ನಿಮ್ಮ ವಿಜ್ಞಾನ ಪುಟದಲ್ಲಿ ವಾರಕ್ಕೊಮ್ಮೆ ಒಂದು ಚಿಕ್ಕ ಜಾಗ ಕೊಡಿ. ಹಿಂದೆ ಸದ್ದು ಮಾಡಿದ ಒಂದು ಸುದ್ದಿ ತೆಗೆದುಕೊಂಡು, ಆಮೇಲೆ ಏನಾಯ್ತು, ದೋಷ ಇದ್ದರೆ ಹೇಗೆ ಸಿಕ್ಕಿತು ಎಂದು ಬರೆಸಿ. ಜೊತೆಗೆ ಆಗ ಓಡಾಡಿದ ಒಂದು ಜೋಕೂ ಇರಲಿ, ಓದುಗರಿಗೆ ಸುದ್ದಿ ಥಟ್ಟನೆ ನೆನಪಾಗುತ್ತದೆ.

ನನ್ನ ಹತ್ತಿರ ಒಂದು ದಪ್ಪ ಪುಸ್ತಕ ಇದೆ. ಎಡಪುಟದಲ್ಲಿ ಪೇಪರಿನ ಸುದ್ದಿ ಅಂಟಿಸುತ್ತೇನೆ, ಬಲಪುಟವನ್ನು ಆಮೇಲಿನ ಸುದ್ದಿಗೆ ಖಾಲಿ ಬಿಡುತ್ತೇನೆ. 2023ರ ಜುಲೈ ಕೊನೆಯಲ್ಲಿ ಎಲ್‌ಕೆ-99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ ಸೂಪರ್ ಕಂಡಕ್ಟರ್, ಅಂದರೆ ವಿದ್ಯುತ್ತಿಗೆ ಒಂಚೂರೂ ಅಡ್ಡಿ ಮಾಡದ ವಸ್ತು ಎಂದು ನೀವು ದೊಡ್ಡದಾಗಿ ಹಾಕಿದ್ದಿರಿ. ಅದರ ಬಲಪುಟಕ್ಕೆ ಅಂಟಿಸಲು ನಿಮ್ಮಲ್ಲಿ ಏನೂ ಸಿಗಲಿಲ್ಲ. ಆದ್ದರಿಂದ ನಾನೇ ನೀಲಿ ಇಂಕಿನಲ್ಲಿ ಬರೆದೆ: ವಾರಗಳಲ್ಲೇ ಬೇರೆ ಬೇರೆ ಲ್ಯಾಬ್‌ಗಳು ಮಾಡಿ ನೋಡಿದವು. ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ತಣ್ಣಗಾಗುತ್ತಾ 104 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ರೂಪ ಬದಲಿಸುತ್ತದೆ, ಆಗ ವಿದ್ಯುತ್ತಿಗೆ ಅಡ್ಡಿ ಥಟ್ಟನೆ ಇಳಿಯುತ್ತದೆ, ಸೂಪರ್ ಕಂಡಕ್ಟರ್ ಹಾಗೆ ಕಂಡದ್ದು ಅದೇ. ಕಲಬೆರಕೆ ಇಲ್ಲದ ಹರಳನ್ನು ಬೆಳೆಸಿ ನೋಡಿದರೆ ಅದರಲ್ಲಿ ವಿದ್ಯುತ್ ಹರಿಯುವುದೇ ಇಲ್ಲ. ಆ ಪುಟದಲ್ಲಿ ಇನ್ನೂ ಅರ್ಧ ಜಾಗ ಇದೆ. ನೀವು ಹಾಕಿದರೆ ಕತ್ತರಿಸಿ ಅಲ್ಲೇ ಅಂಟಿಸುತ್ತೇನೆ.

ಇಂತಿ,
ಲ್ಯಾಬ್ ಉಪಕರಣಗಳ ರಿಪೇರಿ ಕೆಲಸದ ಒಬ್ಬ ಓದುಗ