ಸ್ಟೋರಿನ ಬಾಗಿಲಿಂದ ಕಂಡದ್ದು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಸೋಮವಾರದಿಂದ ನೀನು ಹೆಡ್ ಶೆಫ್, ಮಡಿಕೇರಿಯ ಆ ಹೋಟೆಲಿನ ಅಡುಗೆಮನೆ ನಿನ್ನದು ಅಂತ ಅವ್ವ ಆಗಲೇ ಊರೆಲ್ಲ ಹೇಳಿ ಬಂದಿದ್ದಾಳೆ. ನಾನು ಅಡುಗೆಯವನಲ್ಲ. ಆದರೆ ಕೆಲಸದಲ್ಲಿ ಇದ್ದಷ್ಟು ಕಾಲ ಹೋಟೆಲಿನ ಸ್ಟೋರ್ ನೋಡಿಕೊಂಡವನು. ಬಂದು ಹೋದ ಹೆಡ್ ಶೆಫ್‌ಗಳನ್ನೆಲ್ಲ ಸ್ಟೋರಿನ ಬಾಗಿಲಿಂದಲೇ ನೋಡಿದ್ದೇನೆ. ಅಲ್ಲಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಇಷ್ಟು ದಿನ ನೀನು ಮಾಡಿದ ಅಡುಗೆಗೆ ಮಾತ್ರ ನೀನು ಜವಾಬ್ದಾರಿ. ಇನ್ನು ಮೇಲೆ ನೀನು ಮುಟ್ಟದ ತಟ್ಟೆಗೂ ನೀನೇ ಉತ್ತರ ಕೊಡಬೇಕು. ನೀನು ರಜೆ ಹಾಕಿದ ದಿನ ಬೇರೆ ಯಾರೋ ಮಾಡಿದ ಪಂದಿ ಕರಿಗೂ (ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ) ಸೇರಿಸಿ. ಸೌಟು ಹಿಡಿಯುವುದು ಕಮ್ಮಿ ಆಗುತ್ತೆ. ರುಚಿ ನೋಡುವುದು, ಕಣ್ಣಿಡುವುದು, ‘ಬೇಡ’ ಅನ್ನುವುದು ಜಾಸ್ತಿ ಆಗುತ್ತೆ.

ಬೆಳಿಗ್ಗೆ ಮಾಲು ಬರುವಾಗ ಹಿಂಬಾಗಿಲಲ್ಲಿ ನೀನೇ ಇರು. ಒಳ್ಳೆ ಶೆಫ್‌ಗಳು ಬಂದು ನಿಲ್ಲುತ್ತಿದ್ದರು. ಉಳಿದವರು ಹುಡುಗನ ಕೈಲಿ ಸಾಮಾನು ಕೇಳುವ ಇಂಡೆಂಟ್ ಚೀಟಿ ಕಳಿಸಿ ಸುಮ್ನೆ ಆಗುತ್ತಿದ್ದರು. ಎದುರಿಗೇ ತೂಕ ಹಾಕಿಸು. ಹಂದಿ ಮಾಂಸ ಮುಟ್ಟಿದರೆ ಅಂಟಂಟು, ಮೂಸಿದರೆ ಹುಳಿ ವಾಸನೆ ಅಂದರೆ ಅಲ್ಲಿಂದಲೇ ವಾಪಸ್. ಕಾಡುಹಂದಿ ಇದೆ ಅಂತ ಕಿವಿಯಲ್ಲಿ ಹೇಳುವವರೂ ಬರುತ್ತಾರೆ, ಅದನ್ನೇ ಕೇಳುವ ಟೂರಿಸ್ಟ್‌ಗಳೂ ಇರುತ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಮಾಲೀಕರೇ ‘ಇದೊಂದ್ಸಲ’ ಅಂದರೂ ಬೇಡ.

ಈಗ ಮಳೆಗಾಲ, ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಬರುತ್ತೆ. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತೆ. ಅವ್ವ ಅದನ್ನು ನೆನೆಹಾಕಿ ದಿನಾ ನೀರು ಚೆಲ್ಲಿ ಹೊಸ ನೀರು ಹಾಕುತ್ತಿದ್ದದ್ದು ಬರೀ ಕಹಿ ಹೋಗಲಿ ಅಂತಲ್ಲ. ಮನೆಯಲ್ಲಿ ಅವಳೊಬ್ಬಳ ನೆನಪು ಸಾಕಾಗುತ್ತಿತ್ತು. ಹೋಟೆಲಲ್ಲಿ ಸಾಲದು. ನೆನೆಹಾಕಿದ ದಿನ ಬರೆದು ಪಾತ್ರೆಗೆ ಅಂಟಿಸು, ಇಲ್ಲದಿದ್ದರೆ ಹೊಸ ಹುಡುಗ ನಿನ್ನೆಯದ್ದನ್ನೇ ತೆಗೆದು ಒಗ್ಗರಣೆಗೆ ಹಾಕುತ್ತಾನೆ. ಕಾಡಿನ ಅಣಬೆ ಮಾತ್ರ ಯಾರೇ ತಂದರೂ ತಗೋಬೇಡ. ನಮ್ಮ ತೋಟದ್ದು ನಾವು ತಿಂದುಕೊಳ್ಳೋಣ, ಗಿರಾಕಿಗೆ ಹಾಕುವುದು ಬೇಡ.

ನನಗೆ ಜಾಸ್ತಿ ಭಯ ಇರುವುದು ಪಂದಿ ಕರಿಯ ಬಗ್ಗೆಯೇ. ಮಾರನೇ ದಿನಕ್ಕೆ ರುಚಿ ಏರುತ್ತೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ರಾತ್ರಿ ದೊಡ್ಡ ಡೇಕ್ಸಾ ತುಂಬ ಮಾಡಿ, ಮುಚ್ಚಿ, ಒಲೆ ಪಕ್ಕದಲ್ಲೇ ಬಿಟ್ಟು ಮಲಗುತ್ತಾರೆ. ಮೇಲೆ ತಣ್ಣಗೆ ಕಂಡರೂ ನಡುವಲ್ಲಿ ಬೆಳಗಿನವರೆಗೂ ಉಗುರುಬೆಚ್ಚಗೆ ಇರುತ್ತೆ. 5ರಿಂದ 60 ಡಿಗ್ರಿ ನಡುವೆ ರೋಗಾಣು ಭರ್ರನೆ ಬೆಳೆಯುತ್ತವೆ. ಕಾಚಂಪುಳಿ (ನಮ್ಮ ಕಪ್ಪು ಹುಳಿ ರಸ) ಹಾಕಿದ್ದೀವಲ್ಲ, ಕೆಡಲ್ಲ ಅನ್ನುವ ಮಾತು ಕೇಳಬೇಡ. ಅಗಲವಾದ ಟ್ರೇಗಳಿಗೆ ಎರಡು ಬೆರಳು ದಪ್ಪಕ್ಕೆ ಹರಡಿಸು. ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಯಬೇಕು, ಆಮೇಲೆ ಫ್ರಿಜ್ಜಿಗೆ. ಮಾರನೇ ದಿನ ಬೇಕಾದಷ್ಟನ್ನೇ ತೆಗೆದು ಕುದಿ ಬರಿಸಿ ಬಡಿಸಲಿ. ಇದನ್ನು ಹೇಳಿಬಿಟ್ಟರೆ ಆಗಲ್ಲ. ರಾತ್ರಿ ಹನ್ನೊಂದಕ್ಕೆ ಎಲ್ಲರಿಗೂ ಮನೆಗೆ ಹೋಗುವ ಅವಸರ ಇರುತ್ತೆ ನೋಡು, ಆಗ ನೀನು ನಿಂತು ಮಾಡಿಸಬೇಕು.

ದುಡ್ಡಿನ ವಿಷಯ. ತಟ್ಟೆಗೆ 20 ಗ್ರಾಂ ಮಾಂಸ ಜಾಸ್ತಿ ಬಿದ್ದರೆ ಯಾರ ಕಣ್ಣಿಗೂ ಕಾಣಲ್ಲ. 50 ಪ್ಲೇಟಿಗೆ ಅದು ಒಂದು ಕೆ.ಜಿ. ತಿಂಗಳ ಕೊನೆಗೆ ಲೆಕ್ಕ ತಾಳೆ ಆಗದಾಗ ಮ್ಯಾನೇಜರ್ ಮೊದಲು ಹಿಡಿಯುವುದು ಸ್ಟೋರಿನವನನ್ನು! ಎಲ್ಲರ ಕೈಗೂ ಒಂದೇ ಅಳತೆಯ ಸೌಟು ಕೊಡು. ಹಾಗಂತ ಉಳಿತಾಯದ ಹೆಸರಲ್ಲಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡ. ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಕಾಂಪೌಂಡ್ 25 ಪರ್ಸೆಂಟ್ ದಾಟಿದ ಎಣ್ಣೆ ಬಳಸುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ, ಅಳೆಯುವ ಮೀಟರ್ ಸಿಗುತ್ತೆ. ಕೇಳಿ ತರಿಸಿಕೋ.

ಮಳೆ ಜೋರಾದರೆ ಕರೆಂಟು ಹೋಗುತ್ತೆ, ರಸ್ತೆ ಮುಚ್ಚುತ್ತೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರು ದಾರಿ ಬಂದ್ ಆದದ್ದು ನಿನಗೂ ನೆನಪಿರಬೇಕು. ಮೀನು ಬರದಿದ್ದರೆ ಮೀನು ಇಲ್ಲ. ಮೆನು ಚಿಕ್ಕದು ಮಾಡಿದರೆ ಅವಮಾನ ಏನಿಲ್ಲ. ಜನರೇಟರಿಗೆ ಡೀಸೆಲ್ ಇದೆಯಾ ಅಂತ ಕೇಳುವುದು ಶೆಫ್ ಕೆಲಸ ಅಲ್ಲ ಅಂತ ಯಾರಾದರೂ ಅಂದಾರು. ಫ್ರಿಜ್ಜಿನ ಒಳಗೆ ಇರುವುದು ನಿನ್ನ ಮಾಂಸ ಅಲ್ವಾ?

ಹುಡುಗರ ಬಗ್ಗೆ. ಪಾತ್ರೆ ತೊಳೆಯುವವನಿಗೆ ಭೇದಿ ಆಗಿದ್ದರೆ ನಿನಗೆ ಹೇಳುವಷ್ಟು ಧೈರ್ಯ ಅವನಿಗೆ ಇರಬೇಕು. ಹೇಳಿದ ದಿನದ ಕೂಲಿ ಕತ್ತರಿಸಿದರೆ ಇನ್ನೊಮ್ಮೆ ಹೇಳಲ್ಲ, ಅದೇ ಕೈಯಲ್ಲಿ ಸೌತೆಕಾಯಿ ಹೆಚ್ಚುತ್ತಾನೆ. ಮ್ಯಾನೇಜರ್ ಜೊತೆ ಜಗಳ ಆದರೂ ಆ ಕೂಲಿ ಕೊಡಿಸು. ಸ್ಟಾಫ್ ಊಟ ನೀನೂ ಅವರ ಜೊತೆಗೇ ಮಾಡು. ಸ್ಟಾಫಿಗೆ ನೀರು ನೀರಾದ ಸಾರು ಹಾಕುವ ಅಡುಗೆಮನೆಯಲ್ಲಿ ತುಪ್ಪ, ಗೋಡಂಬಿ ಕಾಣೆಯಾಗುತ್ತಿದ್ದದ್ದನ್ನು ನಾನು ಲೆಕ್ಕದ ಪುಸ್ತಕದಲ್ಲೇ ನೋಡಿದ್ದೇನೆ.

ರಜೆ ಪಟ್ಟಿ ಮೊದಲೇ ಹಾಕು. ಪುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮೂರಿನವರೆಲ್ಲ ಮನೆಗೆ ಹೋಗಬೇಕು ಅಂತಾರೆ, ದುರ್ಗಾಪೂಜೆಗೆ ಬಂಗಾಳದ ಹುಡುಗರು. ದಸರಾ ಸಮಯದಲ್ಲಿ ಮಡಿಕೇರಿ ತುಂಬಿರುತ್ತೆ ಬೇರೆ. ಎಲ್ಲರಿಗೂ ಕೊಟ್ಟು ಕೊನೆಗೆ ಉಳಿದ ರಜೆ ನಿನ್ನದು. ಈ ಸಲ ಕೈಲ್ ಮುಹೂರ್ತ ಹಬ್ಬಕ್ಕೆ ನೀನು ಬರಲ್ಲ ಅಂತ ನಾನು ಲೆಕ್ಕ ಹಾಕಿಬಿಟ್ಟಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. ಅದನ್ನು ನೀನೇ ಫೋನ್ ಮಾಡಿ ಹೇಳು, ನನ್ನ ಕೈಲಾಗಲ್ಲ.

ನಿನ್ನ ಅಪ್ಪ