ಬೆಟ್ಟದ ಈಚೆಗಿನ ಜಗಳ

ಆತ್ಮೀಯ ಓದುಗರೇ,

ಪಿಟ್ಸ್‌ಬರ್ಗಿನ ದಕ್ಷಿಣಕ್ಕಿರುವ ನಮ್ಮಲ್ಲಿ ಹಲವರಿಗೆ ಬೋವರ್ ಹಿಲ್ ರಸ್ತೆ ದಿನನಿತ್ಯದ ದಾರಿ. ನಾನೂ ವರ್ಷಗಟ್ಟಲೆ ಅಲ್ಲಿ ಓಡಾಡಿದ್ದೆ. ಮಗಳ ಶಾಲೆಯ ಪಾಠಕ್ಕೆ ನೆರವಾಗಲು ಕೂತಾಗಲೇ ಗೊತ್ತಾಗಿದ್ದು, 1794ರ ಜುಲೈನಲ್ಲಿ ಆ ಗುಡ್ಡದ ಮೇಲಿನ ದೊಡ್ಡ ಮನೆಯೊಂದು ಉರಿದು ಬೂದಿಯಾಯಿತು, ಅದರ ಬೆನ್ನಿಗೇ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಮಂದಿಯ ಸೇನೆ ಹೊರಡಿಸಿದರು ಎಂದು. ಮದ್ಯದ ಸುಂಕದ ವಿರುದ್ಧ ರೈತರು ಎದ್ದ ಈ ‘ವಿಸ್ಕಿ ದಂಗೆ’ ನಾವು ಬದುಕು ಕಟ್ಟಿಕೊಂಡ ನೆಲದ ಕಥೆ. ಈ ಸಲದ ಸಂಪಾದಕೀಯ ಅದಕ್ಕೇ ಮೀಸಲು.

ಸ್ವಾತಂತ್ರ್ಯ ಯುದ್ಧಕ್ಕಾಗಿ ರಾಜ್ಯಗಳು ಮಾಡಿದ್ದ ಸಾಲವನ್ನು ಹೊಸ ಕೇಂದ್ರ ಸರ್ಕಾರ ತನ್ನ ತಲೆಗೆ ಕಟ್ಟಿಕೊಂಡಿತ್ತು. ಹಣ ಹೊಂದಿಸಲು ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ ದೇಶದೊಳಗೆ ಬಟ್ಟಿ ಇಳಿಸುವ ಮದ್ಯಕ್ಕೆ ಅಬಕಾರಿ ಸುಂಕ ತಂದರು. ರಾಜಧಾನಿ ಫಿಲಡೆಲ್ಫಿಯಾದಲ್ಲಿ ಕೂತವರಿಗೆ ಮದ್ಯವೆಂದರೆ ಶೋಕಿಯ ವಸ್ತು. ಅಲೆಘೆನಿ ಬೆಟ್ಟದ ಈಚೆಗಿನ ರೈತನಿಗೆ ಅದೇ ಫಸಲು, ಅದೇ ದುಡ್ಡು. ಬೆಟ್ಟ ಹತ್ತಿಳಿಯುವ ಕುದುರೆ ರೈ ಧಾನ್ಯವನ್ನು 4 ಬುಶೆಲ್‌ನಷ್ಟು ಹೊರುತ್ತಿತ್ತು. ವಿಸ್ಕಿ ಮಾಡಿ ಪೀಪಾಯಿಗೆ ತುಂಬಿದರೆ ಅದೇ ಕುದುರೆ 24 ಬುಶೆಲ್ ಧಾನ್ಯದ ಬೆಲೆಯನ್ನು ಹೊತ್ತು ದಾಟುತ್ತಿತ್ತು. ಕೈಯಲ್ಲಿ ನಾಣ್ಯವೇ ಆಡದ ಸೀಮೆಯಲ್ಲಿ ಆಳಿನ ಕೂಲಿಯನ್ನೂ ವಿಸ್ಕಿಯಲ್ಲೇ ಕೊಡುತ್ತಿದ್ದರು. ಸುಂಕ ಮಾತ್ರ ನಗದಾಗಿ ಕಟ್ಟಬೇಕಿತ್ತು. ಅದರಲ್ಲೂ ದೊಡ್ಡ ಭಟ್ಟಿಗಳವರಿಗೆ ಗ್ಯಾಲನ್‌ಗೆ ಬೀಳುತ್ತಿದ್ದ ಹೊರೆ ಕಡಿಮೆ, ಸಣ್ಣವರಿಗೆ ಹೆಚ್ಚು.

ಆದರೂ ನನ್ನನ್ನು ಹೆಚ್ಚು ಕಾಡಿದ್ದು ಸುಂಕವಲ್ಲ, ಸಮನ್ಸ್. ಸುಂಕ ಕಟ್ಟದವರು ಸುಮಾರು 300 ಮೈಲಿ ದೂರದ ಫಿಲಡೆಲ್ಫಿಯಾ ಕೋರ್ಟಿಗೆ ಹಾಜರಾಗಬೇಕಿತ್ತು. ಹೋಗಿಬರುವಷ್ಟರಲ್ಲಿ ಹೊಲ ಹಾಳು. ಇದು ಅನ್ಯಾಯವೆಂದು ಸಂಸತ್ತಿಗೂ ಅನಿಸಿ, ಹತ್ತಿರದ ರಾಜ್ಯ ಕೋರ್ಟಿನಲ್ಲೇ ವಿಚಾರಣೆ ನಡೆಸಬಹುದೆಂದು 1794ರ ಜೂನ್‌ನಲ್ಲಿ ಕಾನೂನು ತಿದ್ದಿತು. ಆದರೆ ಜುಲೈನಲ್ಲಿ ಮಾರ್ಷಲ್ ಡೇವಿಡ್ ಲೆನಾಕ್ಸ್ ಹಂಚಿದ ಸಮನ್ಸ್‌ಗಳು ಹಳೆಯ ಕಾನೂನಿನವು. ಸುಂಕದ ಅಧಿಕಾರಿ ಜಾನ್ ನೆವಿಲ್ ದಾರಿ ತೋರಿಸಲು ಅವರ ಜೊತೆಗಿದ್ದರು. ಬೋವರ್ ಹಿಲ್ ಮನೆ ನೆವಿಲ್‌ರದು.

ಜುಲೈ 16, 17ರಂದು ಜನ ಆ ಮನೆಗೆ ಮುತ್ತಿದರು. ಎರಡನೆಯ ದಿನ ಅವರ ಮುಂದಾಳು, ಸ್ವಾತಂತ್ರ್ಯ ಯುದ್ಧದಲ್ಲಿ ಕಾದಿದ್ದ ಜೇಮ್ಸ್ ಮೆಕ್‌ಫಾರ್ಲೇನ್, ಗುಂಡೇಟಿಗೆ ಬಿದ್ದ. ಮನೆಗೆ ಬೆಂಕಿ ಬಿತ್ತು. ಮೊದಲ ದಿನ ಮನೆಯ ಕಡೆಯಿಂದ ಗುಂಡು ಹಾರಿಸಿದವರಲ್ಲಿ ನೆವಿಲ್‌ರ ಗುಲಾಮರೂ ಇದ್ದರು. ಸ್ವಾತಂತ್ರ್ಯದ ಹೆಸರಿನ ಈ ಕಾದಾಟದಲ್ಲಿ ಅವರಿಗಾಗಿ ಬಾಯಿಬಿಟ್ಟವರು ಎರಡು ಕಡೆಯಲ್ಲೂ ಇರಲಿಲ್ಲ. ರೈತರ ಅಹವಾಲು ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಆದರೆ ಅದಕ್ಕೂ ಮುಂಚೆ ಸುಂಕ ವಸೂಲಿಗಾರನ ಮೈಗೆ ಟಾರು ಬಳಿದು ಗರಿ ಮೆತ್ತಿದ್ದನ್ನು ಯಾವ ಅಹವಾಲೂ ಸಮರ್ಥಿಸಲಾರದು. ಆಗಸ್ಟ್ 1ಕ್ಕೆ ಬ್ರಾಡಕ್ ಬಯಲಿನಲ್ಲಿ ಸುಮಾರು 7,000 ಜನ ಸೇರಿದರು. ಪಿಟ್ಸ್‌ಬರ್ಗನ್ನೇ ಸುಡುವ ಮಾತೂ ಎದ್ದಿತ್ತು.

ಇಂಥ ಹೊತ್ತಿನಲ್ಲಿ ಎದ್ದು ನಿಂತವರು ಆಲ್ಬರ್ಟ್ ಗ್ಯಾಲಟಿನ್. ಜಿನೀವಾದಲ್ಲಿ ಹುಟ್ಟಿ 1780ರಲ್ಲಿ ಇಲ್ಲಿಗೆ ಬಂದವರು, ಇಂಗ್ಲಿಷ್ ಆಡಿದರೆ ನಾಲಿಗೆಯಲ್ಲಿ ಫ್ರೆಂಚ್ ಎಳೆ. ಪೌರತ್ವಕ್ಕೆ ಒಂಬತ್ತು ವರ್ಷ ತುಂಬಿಲ್ಲವೆಂದು 1794ರ ಫೆಬ್ರವರಿಯಲ್ಲಷ್ಟೇ ಅವರನ್ನು ಸೆನೆಟ್‌ನಿಂದ ಹೊರಹಾಕಿದ್ದರು. ಆಗಸ್ಟ್ ಕೊನೆಗೆ ಇಂದಿನ ಬ್ರೌನ್ಸ್‌ವಿಲ್‌ನಲ್ಲಿ 60 ಮಂದಿಯ ಸಮಿತಿ ಸೇರಿತು. ಕಾನೂನಿಗೆ ತಲೆಬಾಗೋಣ ಎಂದವನ ಮನೆಗೂ ಬೆಂಕಿ ಬೀಳುವ ಭಯವಿತ್ತು. ಸಿಟ್ಟಾಗಿದ್ದ ತನ್ನವರೆದುರೇ ಗ್ಯಾಲಟಿನ್ ಅದನ್ನು ಹೇಳಿದರು. ಕೈಯೆತ್ತಿ ಮತ ಹಾಕಲು ಜನ ಹೆದರಿದಾಗ ಒಂದು ಉಪಾಯ ಹೊಳೆಯಿತು: ಪ್ರತಿ ಚೀಟಿಯಲ್ಲೂ ‘ಹೌದು’, ‘ಬೇಡ’ ಎರಡನ್ನೂ ಬರೆದು ಹಂಚುವುದು, ತನಗೆ ಸಲ್ಲದ ಮಾತನ್ನು ಹರಿದು ಇಲ್ಲವಾಗಿಸಿ ಉಳಿದದ್ದನ್ನು ಪೆಟ್ಟಿಗೆಗೆ ಹಾಕುವುದು. ಅಕ್ಷರದಿಂದ ಯಾರನ್ನೂ ಗುರುತು ಹಿಡಿಯುವಂತಿಲ್ಲ. ಎಣಿಸಿದಾಗ ತಲೆಬಾಗುವ ಕಡೆಗೆ 34, ವಿರುದ್ಧ 23. ಬಂದೂಕು ಹಿಡಿದ ಊರಿನ ನಡುವೆ ಗುಟ್ಟಾಗಿ ಚೀಟಿ ಹರಿದ ಆ ಕೈಗಳನ್ನು ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ.

ಸೇನೆ ಬಂದೇ ಬಂತು, ಎದುರು ನಿಲ್ಲುವವರು ಯಾರೂ ಇರಲಿಲ್ಲ. ದೇಶದ್ರೋಹದ ತೀರ್ಪು ಬಿದ್ದದ್ದು ಇಬ್ಬರ ಮೇಲೆ ಮಾತ್ರ. ಅವರಿಗೂ ವಾಷಿಂಗ್ಟನ್ ಕ್ಷಮೆ ಕೊಟ್ಟರು. ಜೆಫರ್ಸನ್ ಅಧ್ಯಕ್ಷರಾದ ಮೇಲೆ 1802ರಲ್ಲಿ ಆ ಸುಂಕವೇ ರದ್ದಾಯಿತು. ಆಗ ಖಜಾನೆ ಕಾರ್ಯದರ್ಶಿಯ ಕುರ್ಚಿಯಲ್ಲಿದ್ದವರು ಗ್ಯಾಲಟಿನ್.

ಅವರ ಮನೆ ಫ್ರೆಂಡ್‌ಶಿಪ್ ಹಿಲ್, ಪಾಯಿಂಟ್ ಮೇರಿಯನ್ ಹತ್ತಿರ ಮೊನಾಂಗಹೀಲಾ ನದಿಯ ಮೇಲಿನ ದಿಬ್ಬದಲ್ಲಿ ಇವತ್ತಿಗೂ ಇದೆ. ಮದುವೆಯಾದ ಕೆಲವೇ ತಿಂಗಳಿಗೆ ತೀರಿಕೊಂಡ ಮೊದಲ ಹೆಂಡತಿ ಸೋಫಿಯಾಳ ಸಮಾಧಿಯೂ ಅಲ್ಲೇ. ಬೇಸಿಗೆ ರಜೆ ಮುಗಿಯುವ ಮೊದಲು ಎಲ್ಲರೂ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಹೋಗಿ ಬರೋಣ. ಬುತ್ತಿಗೆ ಚಿತ್ರಾನ್ನ, ಮೊಸರನ್ನ ನಮ್ಮ ಮನೆಯಿಂದ. ಬರುವವರು ಹೆಸರು ಕೊಡಿ.

— ಸಂಪಾದಕಿ