ಮೂಗು, ಸೈನಸ್ ಕ್ಯಾನ್ಸರ್ ಚಿಕಿತ್ಸೆ: ಗುಂಪಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಮೂಗಿನ ಒಳಭಾಗ ಮತ್ತು ಸೈನಸ್ (ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿ ತುಂಬಿದ ಜಾಗ) ಕ್ಯಾನ್ಸರ್‌ಗೆ ಯಾವ ಚಿಕಿತ್ಸೆ ಎಂದು ಕೆಲವರು ಕೇಳಿದ್ದೀರಿ. ಮೊದಲು ಬಯಾಪ್ಸಿ (ಗೆಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ವರದಿ ಸರಿಯಾಗಿ ನೋಡಿಸಿ. ಇಲ್ಲಿ ಬರುವ ಗೆಡ್ಡೆಗಳಲ್ಲಿ ಹಲವು ಬಗೆ ಇವೆ. ಒಳಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಜಾಸ್ತಿ ಕಾಣುತ್ತದೆ, ಆದರೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಮೆಲನೋಮಾದಂಥವೂ ಇವೆ. ಬಗೆ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ.

ಸಾಮಾನ್ಯವಾಗಿ ಆಪರೇಷನ್ ಮೊದಲು. ಕೆಲವರಿಗೆ ಮುಖ ಕೊಯ್ಯದೆ, ಮೂಗಿನ ಮೂಲಕವೇ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಹಾಕಿ ಗೆಡ್ಡೆ ತೆಗೆಯಬಹುದು. ಕಣ್ಣು, ಮೆದುಳು ಪಕ್ಕದಲ್ಲೇ ಇರುತ್ತವೆ ಅಲ್ವಾ, ಹಾಗಾಗಿ ಅನುಭವಿ ತಂಡ ಬಹಳ ಮುಖ್ಯ. ಅಂಗುಳದ ಭಾಗ ತೆಗೆದರೆ ಆ ಜಾಗ ಮುಚ್ಚಲು ಕೃತಕ ತಟ್ಟೆ ಕೂರಿಸುತ್ತಾರೆ. ಊಟ, ಮಾತು ಎರಡಕ್ಕೂ ಅದು ದೊಡ್ಡ ಆಸರೆ.

ಆಮೇಲೆ ಹೆಚ್ಚಿನವರಿಗೆ ರೇಡಿಯೇಷನ್. ವಾರಕ್ಕೆ 5 ದಿನ, ಸುಮಾರು 6ರಿಂದ 7 ವಾರ. ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ, ದಯವಿಟ್ಟು ಮರೆಯಬೇಡಿ. ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕಿತ್ತರೆ ಗಾಯ ಮಾಯುವುದು ಕಷ್ಟ. ಕಣ್ಣಿಗೆ ಎಷ್ಟು ಕಿರಣ ತಾಗಬಹುದು, ಪ್ರೋಟಾನ್ ಚಿಕಿತ್ಸೆಯಿಂದ (ಅಕ್ಕಪಕ್ಕದ ಭಾಗಕ್ಕೆ ಕಡಿಮೆ ತಾಗುವ ಒಂದು ಬಗೆಯ ರೇಡಿಯೇಷನ್) ಉಪಯೋಗವಿದೆಯೇ ಎಂದೂ ಕೇಳಿ.

ಸಿಸ್‌ಪ್ಲಾಟಿನ್‌ನಂಥ ಕೀಮೋ ಕೆಲವರಿಗೆ ಮಾತ್ರ, ಹೆಚ್ಚಾಗಿ ರೇಡಿಯೇಷನ್ ಜೊತೆಗೆ. ಕಾಯಿಲೆ ಮರಳಿದರೆ ಅಥವಾ ಹರಡಿದರೆ ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ ಔಷಧ) ಬಗ್ಗೆಯೂ ವಿಚಾರಿಸಿ.

ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದರೆ, ರಕ್ತ ಬರುತ್ತಿದ್ದರೆ ಸುಮ್ನೆ ನೆಗಡಿ ಎಂದು ಕೂರಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ.